ಯಾರ ಅಳತೆಗೂ ಅಲ್ಲದ ಕೋಟು

ಬೈಲಹೊಂಗಲದ ಟೇಲರ್ ಕಾಡಪ್ಪನನ್ನು ಮೃಣಾಲಿನಿ ಬಾಯಿ ಮನೆಗೆ ಕರೆಸಿದ್ದು ಪರದೆಯ ಅಳತೆ ತೆಗೆದುಕೊಳ್ಳಲು. ನಡುಮನೆಗೆ ಮೂರು ಕಿಟಕಿ, ಒಂದು ಬಾಗಿಲು. ಎಲ್ಲಕ್ಕೂ ಎರಡು ಪದರಿನ ಕಪ್ಪು ಪರದೆ ಬೇಕು, ಮಧ್ಯಾಹ್ನದ ಬಿಸಿಲಿನ ಒಂದು ಎಳೆಯೂ ಒಳಗೆ ಬರಬಾರದು ಎಂದರು ಅವರು. ಮೂವತ್ತೆಂಟು ವರ್ಷದ ಹೊಲಿಗೆಯಲ್ಲಿ ಹಗಲನ್ನೇ ಹೊರಗಿಡುವ ಪರದೆಯನ್ನು ಅವನಿಂದ ಯಾರೂ ಕೇಳಿರಲಿಲ್ಲ.

"ಇಷ್ಟ ಕತ್ತಲಿ ಯಾಕರಿ ಬಾಯಾರ?"

"ಸಿನಿಮಾ ನೋಡೂದದರಿ ಕಾಡಪ್ಪ. ಗ್ವಾಡಿ ಮ್ಯಾಲೆ."

ಮೃಣಾಲಿನಿ ಬಾಯಿ ಭೂಗೋಳದ ಶಿಕ್ಷಕಿಯಾಗಿ ನಿವೃತ್ತರಾದವರು. ಅವರ ಅಜ್ಜ ಊರಿಗೆಲ್ಲ ಪುರಾಣ ಹೇಳುತ್ತಿದ್ದ ಶಾಸ್ತ್ರಿಗಳು. ಮೊಮ್ಮಗಳಿಗೆ ಹಿಡಿದದ್ದು ಬೇರೆಯೇ ಹುಚ್ಚು. ಕೊಲೆ, ಮೋಸ, ಮಳೆ, ನೆರಳು ತುಂಬಿದ ಪರದೇಶದ ಹಳೆಯ ಕಪ್ಪು ಬಿಳುಪಿನ ಚಿತ್ರಗಳೆಂದರೆ ಅವರಿಗೆ ಪ್ರಾಣ. ಒಂದು ಸಣ್ಣ ಪ್ರೊಜೆಕ್ಟರ್ ತರಿಸಿಕೊಂಡು, ಪ್ರತಿ ಭಾನುವಾರ ಮೂರು ಗಂಟೆಗೆ ಒಂದೊಂದು ದೇಶದ ಚಿತ್ರ ನೋಡುವುದೆಂದು ಗೊತ್ತುಮಾಡಿಕೊಂಡಿದ್ದರು. ಚಿತ್ರ ಶುರುವಾಗುವ ಮುಂಚೆ ಭೂಪಟ ಬಿಚ್ಚಿ ಒಂದು ಊರಿನ ಮೇಲೆ ಬೆರಳಿಟ್ಟು, "ಇವತ್ತ ಇಲ್ಲಿ ಕೊಲಿ ಆಗತದ" ಎನ್ನುವರು. ನಾನು ಆಗ ಅಲ್ಲಿಯ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತ ಅವರ ಮನೆಯ ಮಾಳಿಗೆಯಲ್ಲಿ ಬಾಡಿಗೆಗಿದ್ದೆ. ನೋಡುವವರು ಅವರು, ನಾನು, ಮತ್ತು ಅವರ ತಾಯಿ, ಎಂಬತ್ತಾರು ವರ್ಷದ ಮಥುರಾಬಾಯಿ.

ಪರದೆ ಕಟ್ಟಲು ಕಾಡಪ್ಪ ಬಂದದ್ದು ಒಂದು ಭಾನುವಾರ. ಕಟ್ಟಿ ಮುಗಿಸಿ, ಬೆಳಕು ಎಲ್ಲಾದರೂ ಸೋರುತ್ತಿದೆಯೇ ನೋಡಲು ಒಳಬಾಗಿಲ ಹೊಸ್ತಿಲ ಮೇಲೆ ಕುಳಿತ. ಗೋಡೆಯ ಮೇಲೆ ಯಾವುದೋ ಬಂದರು ಮೂಡಿತು. ಒದ್ದೆ ಕಲ್ಲಿನ ರಸ್ತೆ, ಒಂದೇ ದೀಪ, ದೀಪದ ಕೆಳಗೆ ಉದ್ದ ಕೋಟಿನ ಒಬ್ಬ ಮನುಷ್ಯ. ಕಾಡಪ್ಪ ಏಳಲಿಲ್ಲ. ಎರಡು ಗಂಟೆ ಕಳೆದು ಮೃಣಾಲಿನಿ ಬಾಯಿ ಪರದೆ ಸರಿಸಿದಾಗ ಅವನು ಇನ್ನೂ ಹೊಸ್ತಿಲ ಮೇಲೇ ಇದ್ದ. ಮುಂದಿನ ಭಾನುವಾರ ಅವರು ನಾಲ್ಕನೆಯ ಕುರ್ಚಿ ಹಾಕಿಸಿದ್ದರು.

"ಹೊಸ್ತಿಲ ಮ್ಯಾಲೆ ಕೂತರ ಬೆನ್ನು ನೋಯ್ತದ. ಇಲ್ಲೆ ಬರ್ರಿ."

ಕಾಡಪ್ಪ ಮಥುರಾಬಾಯಿಯ ಕಡೆ ನೋಡಿದ. ಕಟಕೋಳದ ತನ್ನ ಕೇರಿಯಿಂದ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬಂದು ಸರಕಾರಿ ತರಬೇತಿಯಲ್ಲಿ ಹೊಲಿಗೆ ಕಲಿತವನು ಅವನು. ಇಂಥ ಮನೆಗಳಲ್ಲಿ ಪಡಸಾಲೆಯಿಂದಾಚೆ ಹೋದ ರೂಢಿ ಅವನಿಗಿರಲಿಲ್ಲ. ಮುದುಕಿ ತಮ್ಮ ಕೋಲನ್ನು ಎತ್ತಿ ಬದಿಗಿಟ್ಟು ದಾರಿ ಬಿಟ್ಟರು. ಅವನು ಬಂದು ಕುಳಿತ.

ಚಿತ್ರದ ಕೆಳಗೆ ಓಡುವ ಇಂಗ್ಲಿಷ್ ಅಕ್ಷರ ಅವನಿಗೆ ಓದಲು ಬರುತ್ತಿರಲಿಲ್ಲ. ಮೃಣಾಲಿನಿ ಬಾಯಿ ಅಜ್ಜನ ಪುರಾಣದ ಧಾಟಿಯಲ್ಲಿ, ತಗ್ಗಿದ ದನಿಯಲ್ಲಿ, ಬೇಕಾದಷ್ಟೇ ಹೇಳುತ್ತಿದ್ದರು. ಉಳಿದದ್ದನ್ನು ಅವನು ಬಟ್ಟೆಯಿಂದ ಓದಿಕೊಳ್ಳುತ್ತಿದ್ದ. ಅದು ನಮಗೆ ತಿಳಿದದ್ದು ಜಪಾನಿನ ವಾರ. ಒಬ್ಬ ಗುಮಾಸ್ತ ಕಾಣೆಯಾಗಿದ್ದಾನೆ, ಅವನ ಗೆಳೆಯ ಊರೆಲ್ಲ ಹುಡುಕುತ್ತಿದ್ದಾನೆ. ನಮಗೆ ಆ ಗೆಳೆಯನ ಮೇಲೆ ಅಯ್ಯೋ ಎನ್ನಿಸುತ್ತಿತ್ತು.

"ತುಸು ನಿಲ್ಲಸ್ರಿ ಬಾಯಾರ," ಎಂದ ಕಾಡಪ್ಪ. "ಆ ಗೆಳ್ಯಾ ಹಾಕ್ಕೊಂಡ ಕೋಟ ಅವಂದಲ್ಲರಿ."

"ಯಾಕ?"

"ತೋಳ ಬಿಚ್ಚಿ ಉದ್ದ ಮಾಡ್ಯಾರ. ಹಳೇ ಮಡಿಕಿ ಗೆರಿ ಕಾಣತೈತಿ ನೋಡ್ರಿ. ಹೆಗಲಿಗೆ ಸಾಲವಲ್ತು. ಗಿಡ್ಡ ಮನಶ್ಯಾನ ಕೋಟ ಅದು."

ಮುಕ್ಕಾಲು ಗಂಟೆಯ ನಂತರ ನದಿಯಿಂದ ಗುಮಾಸ್ತನ ಹೆಣ ತೆಗೆದರು. ಗಿಡ್ಡ ಮನುಷ್ಯ, ಮೈಮೇಲೆ ಕೋಟಿರಲಿಲ್ಲ. ಕತ್ತಲಲ್ಲಿ ಮಥುರಾಬಾಯಿ "ಭೇಷ್!" ಎಂದರು. ಅವರು ನಿದ್ದೆ ಮಾಡುತ್ತಾರೆಂದು ನಾವು ಅಷ್ಟು ದಿನ ತಿಳಿದಿದ್ದೆವು.

ಅಂದಿನಿಂದ ಚಿತ್ರ ಮುಗಿದ ಮೇಲೆ ಮೊದಲು ಮಾತಾಡುವುದು ಕಾಡಪ್ಪನೇ ಆಯಿತು. ಮಾತು ಕಡಿಮೆ, ಆದರೆ ಚಹಾ ಆರುವವರೆಗೆ ಅದನ್ನೇ ಯೋಚಿಸುವಂತೆ ಮಾಡುತ್ತಿದ್ದ. ಒಮ್ಮೆ ಹೇಳಿದ: "ನಾವು ಟಾಕೀಸಿನಾಗ ನೋಡಿದ ಸಿನಿಮಾದಾಗ ಕೆಟ್ಟಾವ ಬಾಗಲಾ ದಾಟೂ ಮುಂದನ ಕೆಟ್ಟಾವರಿ. ಇಲ್ಲಿ ಹಂಗಲ್ಲ. ಮೊದಲ ಅವಂಗ ಹಸಿವಿ ಆಗತೈತಿ, ಇಲ್ಲಾ ಯಾರದರ ಮ್ಯಾಲ ಮನಸ್ಸ ಆಗತೈತಿ. ಆಮ್ಯಾಲ ಒಂದ ಹೆಜ್ಜಿ ತಪ್ಪತಾನ. ನೋಡಕೋತ ಕುಂತಾವರಿಗೆ ಕೈ ಹಿಡದ ಹಿಂದ ಜಗ್ಗಬೇಕ ಅನಸ್ತೈತಿ."

ಐದು ಗಂಟೆಗೆ ಹೊರಬಿದ್ದರೆ ಬೀದಿಯಲ್ಲಿ ಬಿಸಿಲು ಹಾಗೇ ಇರುತ್ತಿತ್ತು. ಅರಳೆ ತುಂಬಿದ ಗಾಡಿಗಳು, ಗಾಳಿಯಲ್ಲಿ ತೇಲುವ ಹತ್ತಿಯ ಎಳೆ, ಮಿರ್ಚಿ ಕರಿಯುವ ವಾಸನೆ. ಕಾಡಪ್ಪ ನಿದ್ದೆಯಲ್ಲಿ ನಡೆಯುವವನಂತೆ ಗೋಡೆಯ ನೆರಳು ಹಿಡಿದು ಹೋಗುತ್ತಿದ್ದ. ಅಂಗಡಿಯ ಎಡಗಡೆಯ ಕಿಟಕಿಯಿಂದ ಬೆಳಕು ಬಂದು ಗಿರಾಕಿಯ ಅರ್ಧ ಮುಖದ ಮೇಲೆ ಬಿದ್ದರೆ ಟೇಪು ಹಿಡಿದ ಕೈ ನಿಂತುಬಿಡುವುದು. ಉಳಿದ ಅರ್ಧದಲ್ಲಿ ಏನಿದೆಯೋ ಎಂದು ಅವನು ನೋಡುತ್ತಿರುವಾಗ, "ಯಾಕೋ ಕಾಡಪ್ಪ, ಅಳತಿ ಮರತೇನ?" ಎಂದು ಗಿರಾಕಿಗಳು ನಗುವರು.

ಆ ವರ್ಷ ದೀಪಾವಳಿ ಕಳೆದ ಮೇಲೆ ಅವನು ಹೆಂಡತಿಗೆ, "ಒಂದ ಕೋಟ ಹೊಲಿತೇನಿ. ಉದ್ದಂದು," ಎಂದ.

ಕೆಂಪವ್ವ ಮೂವತ್ತು ವರ್ಷದಿಂದ ಅವನ ಅಂಗಡಿಯ ಬಟ್ಟೆಗಳಿಗೆಲ್ಲ ಮನೆಯಲ್ಲಿ ಕೂತು ಗುಂಡಿ ತೂರುವ ಕಾಜಾ ಹೊಲಿದು ಗುಂಡಿ ಹಚ್ಚಿದವಳು.

"ಯಾರ ಹೇಳ್ಯಾರ?"

"ಯಾರೂ ಹೇಳಿಲ್ಲ."

"ಯಾರ ಅಳತಿಗೆ?"

"ಯಾರ ಅಳತಿಗೂ ಅಲ್ಲ."

"ನಿಮಗ ಹುಚ್ಚ ಹಿಡದೈತಿ. ಬೈಲಹೊಂಗಲದ ಸೆಕಿಗೆ ಕೋಟಂತ! ನಾ ಅದಕ್ಕ ಒಂದ ಕಾಜಾನೂ ಹಾಕೂದಿಲ್ಲ."

ಬೆಳಗಾವಿಯ ಒಂದು ಅಂಗಡಿಯ ಮೂಲೆಯಲ್ಲಿ ವರ್ಷಗಳಿಂದ ಬಿದ್ದಿದ್ದ, ಕಂಬಳಿಯಷ್ಟು ದಪ್ಪನೆಯ ಬೂದು ಬಣ್ಣದ ಉಣ್ಣೆ ಬಟ್ಟೆ ಅವನಿಗೆ ಸಿಕ್ಕಿತು. ಆದರೆ ಅಂಥ ಕೋಟನ್ನು ಕತ್ತರಿಸುವುದು ಹೇಗೆಂದು ಅವನಿಗೆ ತಿಳಿಯದು. ಗೋಡೆಯ ಮೇಲಿನ ಕೋಟನ್ನು ತಿರುವಿ ಒಳಗಿನ ಹೊಲಿಗೆ ನೋಡಲಾಗುವುದಿಲ್ಲವಲ್ಲ. ಕಿತ್ತೂರಿನಲ್ಲಿ ಶಂಕರೆಪ್ಪನೆಂಬ ಮಾಜಿ ಸೈನಿಕನ ಹತ್ತಿರ ಹಿಮದ ಸೀಮೆಯಿಂದ ತಂದ ಕೋಟಿದೆ ಎಂದು ಯಾರೋ ಹೇಳಿದರು. ಕಾಡಪ್ಪ ಬಸ್ಸು ಹತ್ತಿ ಹೋದ.

ಶಂಕರೆಪ್ಪ ಟ್ರಂಕು ತೆರೆದು, ಬೇವಿನೆಲೆಯ ನಡುವಿನಿಂದ ಕೋಟು ತೆಗೆದು ಹೊರಸಿನ ಮೇಲೆ ಮಲಗಿಸಿದ. ಕಾಡಪ್ಪ ಹಳೆಯ ಪೇಪರ್ ಹರಡಿ ಬೆನ್ನು, ಹೆಗಲು, ಕಾಲರ್ ಒಂದೊಂದನ್ನೂ ಗುರುತು ಹಾಕಿಕೊಂಡ. ದೂರದಲ್ಲಿ ಹೆದ್ದಾರಿಯ ಲಾರಿಗಳ ಸದ್ದು ಒಂದೇ ಸಮನೆ ಬರುತ್ತಿತ್ತು. ಮಧ್ಯೆ ಒಮ್ಮೆ ಕೇಳಿದ, "ಇದನ್ನ ಹಾಕ್ಕೊಂಡ್ರ ಹೆಂಗ ಅನಸ್ತಿತ್ರಿ?"

ಶಂಕರೆಪ್ಪ ಕೋಟಿಗೆ ಅಂಟಿದ್ದ ಬೇವಿನೆಲೆ ಕೊಡವಿದ. "ಥಂಡಿ ಏನ ಕಡಿಮಿ ಆಗತಿರಲಿಲ್ಲ. ಒಳಗಿರಾವ ಯಾರಂತ ಹೊರಗಿನಾವರಿಗೆ ತಿಳೀತಿರಲಿಲ್ಲ. ಅದಕ್ಕ ತುಸು ಧೈರ್ಯ ಬರತಿತ್ತ."

ಕಾಡಪ್ಪ ಆ ಮಾತನ್ನು ಭಾನುವಾರ ನಮಗೆ ಇದ್ದಂತೆಯೇ ಹೇಳಿದ. ಮೃಣಾಲಿನಿ ಬಾಯಿ ಅದನ್ನು ಭೂಪಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡರು.

ಎರಡು ತಿಂಗಳು ಕೋಟಿನ ಕೆಲಸ ನಡೆಯಿತು. ಹಗಲು ಶಾಲೆಯ ಯೂನಿಫಾರ್ಮು, ಅದು ಮುಗಿದ ಮೇಲೆ ಸಂಜೆ ಒಂದು ಗಂಟೆ ಕೋಟು. ಪಾಕೀಟು ಮೊಣಕೈ ಮುಳುಗುವಷ್ಟು ಆಳ ಇಟ್ಟ. ಕಾಲರ್ ಎತ್ತಿದರೆ ಕಿವಿ ಮುಚ್ಚಬೇಕು, ಎತ್ತಿದ್ದು ತಾನಾಗಿ ಬೀಳಬಾರದು. ಅದಕ್ಕಾಗಿ ನಾಲ್ಕು ಸಲ ಬಿಚ್ಚಿ ಹೊಲಿದ. ಕಡೆಗೆ ಕಾಜಾ ಉಳಿಯಿತು. ಅಷ್ಟು ದಪ್ಪ ಬಟ್ಟೆಗೆ ಕೈಯಿಂದಲೇ ಹಾಕಬೇಕು, ಅವನ ಕೈಯಿಂದ ಅಷ್ಟು ಚಂದ ಬಾರದು. ಕೇಳಲು ಅಭಿಮಾನ ಅಡ್ಡ ಬಂದು ಮನೆಯ ಗೂಟಕ್ಕೆ ತೂಗುಹಾಕಿದ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಆರು ಕಾಜಾ, ಇರುವೆ ಸಾಲಿನಂಥ ಹೊಲಿಗೆ, ಆರು ಗುಂಡಿ. ಕೆಂಪವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ತಿರುಗಿ ನೋಡಲಿಲ್ಲ. ಅವನು ರೊಟ್ಟಿ ತಿಂದು ಅಂಗಡಿಗೆ ಹೋದ.

ಕೋಟನ್ನು ನಡುಮನೆಗೆ ತಂದಾಗ ಮೃಣಾಲಿನಿ ಬಾಯಿ ಅದನ್ನು ತೊಟ್ಟು ಪ್ರೊಜೆಕ್ಟರಿನ ಬೆಳಕಿನಲ್ಲಿ ನಿಂತರು. ಗೋಡೆಯ ಮೇಲೆ ಬಿದ್ದ ನೆರಳನ್ನು ನೋಡಿ ನಮಗೆಲ್ಲ ಮೈ ಜುಮ್ಮೆಂದಿತು.

"ಎಲ್ಲಾ ಅದ. ಮಂಜೊಂದ ಇಲ್ಲ," ಎಂದರು ಅವರು.

"ಮನೋಳಿ ಹೊಳಿ ದಂಡಿಗೆ ಐತಲ್ರಿ, ಎಳ್ಳಮಾಸಿ ಮುಂದ," ಎಂದ ಕಾಡಪ್ಪ.

ಹಾಗೆ ಎಳ್ಳಮಾವಾಸ್ಯೆಯ ಹೊತ್ತಿಗೆ, ಜನವರಿಯ ಒಂದು ನಸುಕಿನಲ್ಲಿ ನಾವೆಲ್ಲ ಮನೋಳಿಗೆ ಹೊರಟೆವು. ಕಾಡಪ್ಪನ ಮಗ ಅಜಿತ ಸವದತ್ತಿ ದಾರಿಗೆ ಕ್ರೂಸರ್ ಜೀಪು ಬಾಡಿಗೆಗೆ ಓಡಿಸುತ್ತಿದ್ದ. ಹೋದದ್ದು ಅವನ ಗಾಡಿಯಲ್ಲೇ. ಕೆಂಪವ್ವ ಬುತ್ತಿ ಕಟ್ಟಿಕೊಂಡು, "ಮಂದಿ ನೋಡಿದ್ರ ನಗತಾರ" ಎನ್ನುತ್ತಲೇ ಹತ್ತಿದಳು. ಮಥುರಾಬಾಯಿ ಶಾಲು ಹೊದ್ದು ಮುಂದಿನ ಸೀಟು ಹಿಡಿದರು.

ಮಲಪ್ರಭೆಯ ದಂಡೆಯಲ್ಲಿ ನದಿ ಕಾಣುತ್ತಿರಲಿಲ್ಲ. ಹಾಲಿನಂಥ ಮಂಜು. ಹತ್ತು ಹೆಜ್ಜೆಯಾಚೆಯ ಜಾಲಿಗಿಡ ಒಮ್ಮೆ ಮನುಷ್ಯನಾಗಿ ನಿಂತು ಮತ್ತೆ ಗಿಡವಾಗುತ್ತಿತ್ತು. ಎಲ್ಲಿಂದಲೋ ನೀರಿನ ಗುಳುಗುಳು, ಯಾವುದೋ ಹಕ್ಕಿಯ ಒಂದೇ ಕೂಗು. ನಾವು ಒಬ್ಬೊಬ್ಬರಾಗಿ ಕೋಟು ತೊಟ್ಟು ಮಂಜಿನೊಳಗೆ ನಡೆದು ಹೋಗುವುದು, ಕರಗುವುದು, ತಿರುಗಿ ಬರುವುದು. ಬಂದವರ ಮುಖದಲ್ಲಿ ಕನಸಿನಿಂದ ಎದ್ದವರ ಕಳೆ. ಕಾಡಪ್ಪ ಹೋಗಿ ಬಂದವನು ಒಂದು ಕಲ್ಲಿನ ಮೇಲೆ ಕೂತು ಕೈಗಳನ್ನೇ ನೋಡಿಕೊಂಡ.

"ಕೆಂಪಿ, ನೀನೂ ಒಮ್ಮಿ ಹೋಗಿ ಬಾ," ಎಂದ ಆಮೇಲೆ.

ಅವಳು ನಕ್ಕಳು. ಆದರೂ ತೊಟ್ಟಳು. ಅವಳಿಗೆ ಅದು ಹಿಮ್ಮಡಿಯವರೆಗೆ ಬಂತು. ಅಜಿತ ತನ್ನ ಮಂಕಿ ಟೋಪಿ ಹಾಕಿ ಕಾಲರ್ ಎತ್ತಿದ. ಪಾಕೀಟಿನಲ್ಲಿ ಕೈಯಿಟ್ಟು ಅವಳು ಮಂಜಿನೊಳಗೆ ಹೋದಳು.

ಐದು ನಿಮಿಷವಾಯಿತು, ಹತ್ತಾಯಿತು. ಕಾಡಪ್ಪ ಎದ್ದು ನಿಂತ. ಹೆಸರು ಹಿಡಿದು ಕೂಗಿದ. ಅಜಿತ ನೀರಿನ ಕಡೆ ಓಡಬೇಕೆನ್ನುವಷ್ಟರಲ್ಲಿ ಮಂಜಿನಿಂದ ಕೋಟು ನಿಧಾನವಾಗಿ ಮೂಡಿ ಬಂತು. ಕೆಂಪವ್ವ ಗಾಡಿಯ ಮೆಟ್ಟಿಲ ಮೇಲೆ ಕೂತು ಟೋಪಿ ತೆಗೆದಳು. ನೀರು ಕುಡಿದ ಮೇಲೆ ಹೇಳಿದಳು.

ದಂಡೆಯಗುಂಟ ಹೋದವಳಿಗೆ ಒಬ್ಬ ಮುದುಕ ಎದುರಾದನಂತೆ. ಹೆಗಲ ಮೇಲೆ ಪೈಪಿನ ಸುರುಳಿ. ಇವಳನ್ನು ಕಂಡದ್ದೇ ಪೈಪು ಕೆಳಗೆ ಹಾಕಿ ಕೈಮುಗಿದ. ಹೊಳೆಗೆ ಪಂಪು ಹಚ್ಚಬಾರದೆಂದು ಆ ತಿಂಗಳು ಕಟ್ಟಪ್ಪಣೆಯಾಗಿತ್ತು. ಇವಳನ್ನು ತಪಾಸಣೆಗೆ ಬಂದ ಸಾಹೇಬನೆಂದು ಅವನು ತಿಳಿದ.

"ದನಿ ತಗದ್ರ ಹೆಂಗಸಂತ ತಿಳೀತೈತಿ ಅಂತ ನಾ ಸುಮ್ಮನ ನಿಂತೆ," ಎಂದಳು ಕೆಂಪವ್ವ. "ನಾ ಸುಮ್ಮನ ನಿಂತಷ್ಟೂ ಅವ ಹೇಳಕೋತ ಹೋದ. ಒಂದ ದಿನ ಅಷ್ಟ ಪಂಪ್ ಹಚ್ಚೇನಿ ಅಂದ. ಆಮ್ಯಾಲ ಎರಡ ದಿನ ಅಂದ. ಆಮ್ಯಾಲ ಅಳಾಕ ಹತ್ತಿದ. ಬಾಜೂ ಹೊಲದ ಗಂಗಪ್ಪನ ಪಂಪ್ ಜಪ್ತ್ ಆತಲ್ರಿ ಸಾಹೇಬ್ರ, ಸರಕಾರಕ್ಕ ಚಾಡಿ ಹೇಳಿದಾವ ನಾನ ಅಂದ. ಗಂಗಪ್ಪಗ ಗೊತ್ತಿಲ್ಲಂತ. ದಿನಾ ಇವನ ಕೂಡನ ಕುಂತ ಚಾ ಕುಡೀತಾನಂತ."

"ನೀ ಏನಂದಿ?" ಎಂದು ಕೇಳಿದ ಕಾಡಪ್ಪ.

"ಹೋಗಿ ಅವಂಗ ಹೇಳು ಯಜಮಾನಾ, ನನಗ್ಯಾಕ ಹೇಳತಿ ಅಂದೆ. ಹೆಣ್ಣ ದನಿ ಕೇಳಿ ಹೌಹಾರಿಬಿಟ್ಟ. ಪೈಪ ಅಲ್ಲೇ ಬಿಟ್ಟ ಮಂಜಿನಾಗ ಹೋದ. ದೇವ್ರ ಅಂದಕೊಂಡ್ನೋ, ದೆವ್ವ ಅಂದಕೊಂಡ್ನೋ."

ಯಾರೂ ನಗಲಿಲ್ಲ. ಮಂಜು ಹರಿದು ನದಿಯ ಒಂದು ತುಂಡು ಹೊಳೆಯಿತು. ಮಥುರಾಬಾಯಿ ಸೀಟಿನಿಂದ ಕೈ ಚಾಚಿ ಕೆಂಪವ್ವನ ಕೈ ಹಿಡಿದುಕೊಂಡರು. ದಾರಿಯುದ್ದಕ್ಕೂ ಬಿಡಲಿಲ್ಲ.

ಆ ಮುದುಕ ಗಂಗಪ್ಪನಿಗೆ ಹೇಳಿದನೋ ಇಲ್ಲವೋ ನಮಗೆ ತಿಳಿಯಲೇ ಇಲ್ಲ. ಅಜಿತ ಆ ದಾರಿಯಲ್ಲಿ ಓಡಾಡುವಾಗ ಒಂದೆರಡು ಸಲ ಗಾಡಿ ನಿಲ್ಲಿಸಿ ನೋಡಿದನಂತೆ. ಹೊಲಗಳಲ್ಲಿ ಎಷ್ಟೋ ಮುದುಕರು. ಕೋಟು ಮಾತ್ರ ಕೆಂಪವ್ವನದಾಯಿತು. ಚಳಿಯ ಬೆಳಗುಗಳಲ್ಲಿ ಅದನ್ನು ತೊಟ್ಟು ಹಾಲು ತರಲು ಹೋಗುತ್ತಾಳೆ. ಓಣಿ ಒಂದು ವಾರ ನಕ್ಕಿತು, ಆಮೇಲೆ ಮರೆಯಿತು. ಅದನ್ನು ಅವಳ ಅಳತೆಗೆ ಕತ್ತರಿಸಿ ಕೊಡುತ್ತೇನೆಂದು ಕಾಡಪ್ಪ ಎರಡು ಸಲ ಹೇಳಿದ. ಅವಳು ಬೇಡವೆಂದಳು.

ಮನೋಳಿಯಿಂದ ಬಂದ ಎರಡನೆಯ ಭಾನುವಾರ ನಡುಮನೆಯಲ್ಲಿ ಕೆಂಪವ್ವನಿಗೆಂದು ಐದನೆಯ ಕುರ್ಚಿ ಬಿತ್ತು. ಅಂದು ಅರ್ಜೆಂಟೀನಾ. ಗೆಳೆಯನಿಗೆ ದ್ರೋಹ ಮಾಡಿದ ಒಬ್ಬ ಅವನ ಮನೆಯ ಬಾಗಿಲಿಗೆ ಬಂದು, ಕೈಯೆತ್ತಿ, ಬಡಿಯದೆ ನಿಂತಿದ್ದ. ಆ ದೃಶ್ಯದಲ್ಲಿ ಮಾತಿಲ್ಲ, ಮೃಣಾಲಿನಿ ಬಾಯಿ ಹೇಳುವಂಥದ್ದೂ ಇರಲಿಲ್ಲ. ಕತ್ತಲಲ್ಲಿ ಕೆಂಪವ್ವನ ದನಿ ಕೇಳಿಸಿತು: "ಬಡಿಯೋ ತಮ್ಮಾ, ಬಡಿ."

ಅವನು ಬಡಿಯಲಿಲ್ಲ. ಮೆಟ್ಟಿಲಿಳಿದು ಹೋದ.

ಐದು ಗಂಟೆಗೆ ಗಂಡ ಹೆಂಡತಿ ಬಿಸಿಲಿಗೆ ಬಂದರು. ನಾನು ಮಾಳಿಗೆಯಿಂದ ನೋಡುತ್ತಿದ್ದೆ, ಓಣಿಯ ಮಾತು ಅಲ್ಲಿಗೆ ಕೇಳಿಸುತ್ತಿತ್ತು. ಓಣಿಯ ತಿರುವಿನ ತನಕ ಇಬ್ಬರೂ ಗೋಡೆಯ ನೆರಳು ಹಿಡಿದು ನಡೆದರು. ಅಲ್ಲಿ ಕಾಡಪ್ಪ ತಡೆಯಲಾರದೆ ಕೇಳಿದ, "ಹೆಂಗ ಅನಸ್ತ?"

"ಸುಮ್ಮನ ನಡೀರಿ," ಎಂದಳು ಕೆಂಪವ್ವ. "ನಾ ಇನ್ನೂ ಅಲ್ಲೇ ಅದೇನಿ."