ಕ್ಯಾಲೆಂಡರಿನಲ್ಲಿ ಮತ್ತೆ ಮೂಡಿದ ಹೆಸರು

ಮಂಜುಳಾ, ಅಂದು ನೀನು ಕಲ್ಯಾಣದುರ್ಗದ ಮೈದಾನದಲ್ಲಿ ಇರುತ್ತೀಯೆಂದು ನಿನ್ನ ಗಂಡನಿಗೆ ತಿಳಿಸಿದ್ದು ನಿನ್ನ ತಮ್ಮನಲ್ಲ. ನಾನು.

ಬಾಯಿಬಿಟ್ಟು ಹೇಳಿದೆ ಎಂದಲ್ಲ — ಬಾಯಲ್ಲಿ ಹೇಳಿದ್ದರೆ ಇಷ್ಟು ವಿವರವಾಗಿ ಹೇಳುತ್ತಿರಲಿಲ್ಲವೇನೋ. ಊರು, ಮೈದಾನ, ಆಟ ಶುರುವಾಗುವ ಹೊತ್ತು, ಮಕ್ಕಳ ಜೊತೆ ಬರುವವರ ಹೆಸರು — ಎಲ್ಲವನ್ನೂ ಅಚ್ಚುಕಟ್ಟಾಗಿ ಜೋಡಿಸಿ ಅವನ ಕೈಗಿತ್ತೆ. ಮಂಜುಳಾ ನಿನ್ನ ನಿಜವಾದ ಹೆಸರಲ್ಲ. ಈಗ ನೀನಿರುವ ಊರನ್ನೂ ಇಲ್ಲಿ ಬರೆಯುವುದಿಲ್ಲ. ಅಷ್ಟು ಬುದ್ಧಿ ಈಗ ಬಂದಿದೆ. ಬರಬೇಕಾದಾಗ ಬರಲಿಲ್ಲ.

ಆ ಬೆಳಿಗ್ಗೆ ಹಿಂದೂಪುರದ ನಮ್ಮ ಮನೆಯಲ್ಲಿ ಎಲ್ಲವೂ ಎಂದಿನಂತೆಯೇ ಇತ್ತು. ಬಾಗಿಲಿಗೆ ನೀರು ಹಾಕಿದೆ, ರಂಗೋಲಿ ಎಳೆದೆ, ಹಾಲು ಕಾಯಿಸಿದೆ. ಮಗಳು ಕೀರ್ತಿ ಖೋ ಖೋ ಪಂದ್ಯಕ್ಕೆ ಹೊರಡುವವಳಿದ್ದಳು. ಓಡುವಾಗ ಬಿಚ್ಚಬಾರದೆಂದು ಜಡೆಯನ್ನು ಬಿಗಿಯಾಗಿ ಹೆಣೆದೆ. ಅವಳ ಎಡಗಾಲಿನ ಸಾಕ್ಸಿನ ಹಿಮ್ಮಡಿ ಸವೆದು ಚರ್ಮ ಕಾಣುತ್ತಿತ್ತು, ಬಂದ ಮೇಲೆ ಹೊಲಿದುಕೊಡಬೇಕೆಂದುಕೊಂಡೆ. ಚಿತ್ರಾನ್ನಕ್ಕೆ ಸಾಸಿವೆ ಸಿಡಿಯುತ್ತಿತ್ತು. ಆ ಹೊತ್ತಿಗೆ ಫೋನಿನಲ್ಲಿ ಕ್ಯಾಲೆಂಡರ್ ತೆರೆದೆ. ಕೆಲಸವಿಲ್ಲದಿದ್ದರೂ ದಿನವೂ ತೆರೆಯುತ್ತಿದ್ದೆ — ನಾನು ಮಾಡಿದ್ದು ತಾನಾಗಿ ನಡೆಯುತ್ತಿದೆಯಲ್ಲ ಎಂದು ನೋಡುವ ಆಸೆಗೆ; ದಿನಾಂಕಗಳ ಮೇಲೆ ಕಣ್ಣಾಡಿಸುತ್ತಿದ್ದೆನೇ ಹೊರತು ಪಂದ್ಯಗಳನ್ನು ಬಿಡಿಸಿ ಓದುತ್ತಿರಲಿಲ್ಲ.

ಆ ಕ್ಯಾಲೆಂಡರಿನ ವಿಷಯ ನಿನಗೆ ಗೊತ್ತು. ಓದುವ ಬೇರೆಯವರಿಗಾಗಿ ಹೇಳುತ್ತೇನೆ. ನಮ್ಮ ಹುಡುಗಿಯರ ಪಂದ್ಯಗಳ ವೇಳಾಪಟ್ಟಿ ಒಂದು ವೆಬ್‌ಸೈಟಿನಲ್ಲಿ ಬರುತ್ತಿತ್ತು. ಬಂದಷ್ಟೇ ಬೇಗ ಬದಲಾಗುತ್ತಿತ್ತು. ಪೆನುಕೊಂಡದಲ್ಲಿ ಆಟವೆಂದು ಮಕ್ಕಳನ್ನು ಬಸ್ಸು ಹತ್ತಿಸಿದರೆ, ಅಲ್ಲಿಗೆ ಹೋದ ಮೇಲೆ ಅದು ಮುಂದಿನ ವಾರಕ್ಕೆ ಹೋಗಿದೆ ಎಂದು ತಿಳಿಯುತ್ತಿತ್ತು. ನಾನು ವಿಡಿಯೊಗಳನ್ನು ನೋಡಿ ನೋಡಿ ಒಂದು ಸ್ಕ್ರಿಪ್ಟ್ ಬರೆದೆ — ಕಂಪ್ಯೂಟರು ಏನೇನು ಮಾಡಬೇಕೆಂದು ಹೇಳಿಕೊಡುವ ಕೆಲವು ಸಾಲುಗಳು. ದಿನವೂ ನಸುಕಿನಲ್ಲಿ ಅದು ವೇಳಾಪಟ್ಟಿಯನ್ನು ಓದುತ್ತಿತ್ತು; ಬಸ್ಸಿನ ಹೊತ್ತು, ಜೊತೆಗೆ ಹೋಗುವವರ ಹೆಸರು ಎಲ್ಲ ನಾನೇ ಕಂಪ್ಯೂಟರಿನಲ್ಲಿ ಬೇರೆ ಒಂದು ಶೀಟಿನಲ್ಲಿ ತುಂಬಿಟ್ಟಿದ್ದೆ, ಅದನ್ನೂ ಓದುತ್ತಿತ್ತು; ಆಮೇಲೆ ಕ್ಯಾಲೆಂಡರಿನಲ್ಲಿದ್ದ ಹಳೆಯದನ್ನೆಲ್ಲ ಅಳಿಸಿ ಹೊಸದಾಗಿ ಬರೆಯುತ್ತಿತ್ತು. ಪಾಸ್‌ವರ್ಡ್ ಮರೆಯುವ ತಾಯಂದಿರಿಗೆ ಕಷ್ಟವಾಗುತ್ತದೆಂದು, ಲಿಂಕ್ ಸಿಕ್ಕವರೆಲ್ಲ ನೋಡುವಂತೆ ತೆರೆದಿಟ್ಟುಬಿಟ್ಟೆ.

"ಏನಮ್ಮಾ, ನಿನ್ ಕ್ಯಾಲೆಂಡರು ಪಂಚಾಂಗದಯ್ಯನ ಹೊಟ್ಟೆ ಮೇಲೆ ಹೊಡೀತದೆ ಬಿಡು" ಎಂದು ಪಕ್ಕದ ಮನೆಯ ಸಾವಿತ್ರಮ್ಮ ನಗಾಡುತ್ತಿದ್ದರು. ನನಗೆ ಒಳಗೊಳಗೇ ಹಿಗ್ಗು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನನ್ನ ಅಂದವಾದ ಅಕ್ಷರವನ್ನು ಹೊಗಳಿದ್ದರು. ಮದುವೆಯಾದ ಮೇಲೆ ಸಾರು ಚೆನ್ನಾಗಿದೆ ಎಂಬುದನ್ನು ಬಿಟ್ಟರೆ ಬೇರೆ ಹೊಗಳಿಕೆ ಕೇಳಿರಲಿಲ್ಲ.

ನೀನು ನಮ್ಮ ಬೀದಿಯ ಕೊನೆಯ ಕೋಣೆಗೆ ಬಾಡಿಗೆಗೆ ಬಂದು, ಹುಡುಗಿಯರಿಗೆ ಆಟ ಕಲಿಸತೊಡಗಿದಾಗ, ಗಂಡನನ್ನು ಬಿಟ್ಟು ಬಂದವಳೆಂದಷ್ಟೇ ನಮಗೆ ಗೊತ್ತಿತ್ತು. ಒಂದು ದಿನ ನೀನು ನಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಹೇಳಿದೆ:

"ಅಕ್ಕಾ, ಅದ್ರಾಗೆ ನನ್ ಹೆಸ್ರು ಹಾಕ್ಬ್ಯಾಡಿ. ಅವ್ನು ಹುಡುಕ್ತಾನೇ ಅವ್ನೆ. ಎಲ್ಲಿರ್ತೀನಿ ಅಂತ ಗೊತ್ತಾದ್ರೆ ಸಾಕು, ಬಂದ್ಬುಡ್ತಾನೆ."

"ಅಯ್ಯೋ, ಅದೇನು ಮಹಾ ಕೆಲಸ" ಎಂದೆ. ನಿನ್ನೆದುರಿಗೇ ಕ್ಯಾಲೆಂಡರಿನಿಂದ ಹೆಸರನ್ನು ತೆಗೆದೆ. ನೀನು ಅದನ್ನು ನೋಡಿ, ನಿಶ್ಚಿಂತೆಯಿಂದ ಟೀ ಕುಡಿದು ಹೋದೆ. ಆದರೆ ಶೀಟಿನಲ್ಲಿ ನಿನ್ನ ಹೆಸರು ಹಾಗೇ ಉಳಿದಿತ್ತು. ಮರುದಿನ ನಸುಕಿಗೆ ಸ್ಕ್ರಿಪ್ಟ್ ಎದ್ದು, ನಾನು ಹೇಳಿಕೊಟ್ಟಂತೆಯೇ, ಎಲ್ಲ ಅಳಿಸಿ ಮತ್ತೆ ಬರೆಯಿತು. ನಾನು ಬರೆದ ಸಾಲುಗಳು — ಅವು ಹೀಗೆಯೇ ಮಾಡುತ್ತವೆಂದು ನನಗಲ್ಲದೆ ಇನ್ಯಾರಿಗೆ ಹೊಳೆಯಬೇಕಿತ್ತು?

ಅದಾದ ಕೆಲವು ದಿನಗಳಿಗೆ ಒಂದು ಫೋನ್ ಬಂತು. ಇದನ್ನು ನೀನು ಮೊದಲ ಸಲ ಕೇಳುತ್ತಿದ್ದೀಯ.

"ನಮಸ್ಕಾರಮಂಡಿ ಅಮ್ಮಾ" ಎಂದ ದನಿ ಬಹಳ ಮೆತ್ತಗಿತ್ತು. "ನಮ್ ಪಾಪಾನೂ ಕಲ್ಯಾಣದುರ್ಗದ ಟೀಮಾಗೆ ಆಡ್ತಾಳೆ. ನಿಮ್ ಕ್ಯಾಲೆಂಡರ್ ಬಗ್ಗೆ ಎಲ್ರೂ ಹೇಳ್ತಾವ್ರೆ. ಆ ಲಿಂಕ್ ನಂಗೂ ಕಳಿಸ್ತೀರಾ?"

ನನ್ನ ಹಿಂದೆ ಕುಕ್ಕರ್ ಕೂಗಿತು. "ಮೊದ್ಲು ಒಲೆ ನೋಡ್ಕೊಳ್ಳಿ ಅಮ್ಮಾ, ಆಮೇಲೆ ಕಳ್ಸಿದ್ರಾಯ್ತು" ಎಂದ. ಎಷ್ಟು ಒಳ್ಳೆಯ ಮನುಷ್ಯ ಎಂದುಕೊಂಡೆ. ಒಲೆ ಆರಿಸಿ ಲಿಂಕ್ ಕಳಿಸಿದೆ. ನಿಮ್ಮ ಮಗಳಿಗೆ ಒಳ್ಳೆಯದಾಗಲಿ ಎಂದೂ ಬರೆದೆ. ಆ ನಂಬರನ್ನು 'ಕಲ್ಯಾಣದುರ್ಗ ಪೇರೆಂಟ್' ಎಂದು ಉಳಿಸಿಕೊಂಡೆ.

ಇಷ್ಟನ್ನು ತಿಳಿಯದೆ ಮಾಡಿದ್ದು ಎನ್ನಬಹುದಿತ್ತು. ಆದರೆ ಆ ಬೆಳಿಗ್ಗೆ, ಸಾಸಿವೆ ಸಿಡಿಯುವ ಹೊತ್ತಿಗೆ, ನಾನು ಆ ದಿನದ ಪಂದ್ಯವನ್ನು ಬಿಡಿಸಿ ನೋಡಿದೆ. ಕಲ್ಯಾಣದುರ್ಗದ ಪಂದ್ಯದ ಕೆಳಗೆ — 'ಮಕ್ಕಳ ಜೊತೆ: ಮಂಜುಳಾ ಮೇಡಂ'. ಶೀಟನ್ನು ಮರೆತಿದ್ದೇನೆಂದು ಆ ಕ್ಷಣವೇ ಹೊಳೆಯಿತು. ಲ್ಯಾಪ್‌ಟಾಪ್ ಮಲಗುವ ಕೋಣೆಯಲ್ಲಿತ್ತು, ನಮ್ಮ ಮನೆಯವರು ಮಲಗಿದ್ದರು. ಕೀರ್ತಿ "ಅಮ್ಮಾ, ಬಸ್ ಹೋಯ್ತದೆ" ಎಂದು ಕುಣಿಯುತ್ತಿದ್ದಳು — ಇವೆಲ್ಲ ನಿಜ. ಇವು ಯಾವುವೂ ಕಾರಣವಲ್ಲ. ಬಸ್ ಸ್ಟ್ಯಾಂಡಿನಲ್ಲಿ ನೀನು ಹುಡುಗಿಯರ ತಲೆ ಎಣಿಸುತ್ತ, ನನ್ನನ್ನು ಕಂಡು ನಕ್ಕೆ. ಹೆಸರು ಇನ್ನೂ ಅಲ್ಲೇ ಇದೆ ಎನ್ನಲು ಒಂದು ಮಾತು ಸಾಕಿತ್ತು. ಆದರೆ ನಾನು ಜಾಣೆಯಲ್ಲವೆಂದು ನಿನಗೆ ತಿಳಿದುಬಿಡುತ್ತಿತ್ತು. "ಹುಷಾರು" ಎಂದಷ್ಟೇ ಹೇಳಿ ಡಬ್ಬಿ ಕೊಟ್ಟೆ.

ಮಧ್ಯಾಹ್ನ ಕೀರ್ತಿ ಫೋನ್ ಮಾಡಿದಳು.

"ಅಮ್ಮಾ... ಯಾರೋ ಬಂದ್ಬುಟ್ಟವ್ರೆ. ಮೇಡಂನ ಗೇಟ್ ಹತ್ರ ಎಳ್ಕೊಂಡು ಹೋಯ್ತಾವ್ರೆ. ಮೇಡಂ ಕಿರುಚ್ಕೊಂತಾವ್ರೆ ಅಮ್ಮಾ—"

ಫೋನ್ ಕಡಿದುಹೋಯಿತು.

ನಾನು ಮರಳಿ ಫೋನ್ ಮಾಡಲಿಲ್ಲ. ಪೊಲೀಸರಿಗೆ ಮಾಡಲಿಲ್ಲ, ನಮ್ಮ ಮನೆಯವರಿಗೂ ಮಾಡಲಿಲ್ಲ. ಕೋಣೆಗೆ ಓಡಿಹೋಗಿ ಲ್ಯಾಪ್‌ಟಾಪ್ ತೆರೆದೆ. ಶೀಟಿನಲ್ಲಿದ್ದ ನಿನ್ನ ಹೆಸರನ್ನು ತೆಗೆದೆ. ಅದೂ ಸಾಲದೆನಿಸಿ ಇಡೀ ಕ್ಯಾಲೆಂಡರನ್ನೇ ಅಳಿಸಿದೆ, ಸ್ಕ್ರಿಪ್ಟನ್ನೂ ಅಳಿಸಿದೆ. ನಿಜವಾಗಿಯೂ ಅಳಿಸಲೇ ಎಂದು ಅದು ಕೇಳಿತು; ಹೌದೆಂದು ಒತ್ತಿದೆ. ನೀನು ಕಿರುಚುತ್ತಿದ್ದ ಹೊತ್ತಿನಲ್ಲಿ, ನನ್ನ ಮಗಳೂ ಅಲ್ಲೇ ಇದ್ದ ಹೊತ್ತಿನಲ್ಲಿ, ನನಗೆ ಮೊದಲು ಹುಟ್ಟಿದ ಭಯ ನನ್ನ ಬಗ್ಗೆಯೇ. ಗೋಡೆಯ ಮೇಲೆ ಫ್ಯಾನಿನ ನೆರಳು ತಿರುಗುತ್ತಿದ್ದುದು ನೆನಪಿದೆ. ಆಮೇಲಷ್ಟೇ ಪೊಲೀಸರಿಗೆಂದು ಫೋನ್ ಎತ್ತಿಕೊಂಡೆ.

ನಾನು ಮಾಡಿದ ಫೋನಿನಿಂದ ಏನೂ ಆಗಬೇಕಾಗಿರಲಿಲ್ಲ. ಹುಡುಗಿಯರೇ ಅವನ ಸುತ್ತ ಬಿದ್ದು, ಕಾಲು ಹಿಡಿದು, ಅಂಗಿ ಹರಿದು ನಿನ್ನನ್ನು ಬಿಡಿಸಿಕೊಂಡಿದ್ದರು. ಅಷ್ಟರಲ್ಲಿ ನಿನ್ನ ಮಣಿಕಟ್ಟು ಮುರಿದಿತ್ತು.

ಸಂಜೆಗೆ ನಿಮ್ಮನ್ನೆಲ್ಲ ಜೀಪಿನಲ್ಲಿ ಕರೆತಂದರು. ಆ ಸಂಜೆಯನ್ನು ಕಡೆಗೆ ಬರೆಯುತ್ತೇನೆ; ಅದಕ್ಕೆ ಮೊದಲು ಆಮೇಲಿನದು. ನಿನ್ನ ತಮ್ಮ ಗಂಗಾಧರ ಸೆಟ್ಟೂರಿನಿಂದ ಎರಡು ಬಸ್ಸು ಬದಲಿಸಿ ಬಂದಿದ್ದ. ನೀನು ಬಾಗಿಲು ತೆಗೆಯಲಿಲ್ಲ. ಅವನು ಬಹಳ ಹೊತ್ತು ಬೀದಿಯಲ್ಲಿ ನಿಂತಿದ್ದ. ಒಂದು ಚೀಲ ಕಡಲೆಕಾಯಿಯನ್ನು ಮೆಟ್ಟಿಲ ಮೇಲಿಟ್ಟು, ಅದು ಉರುಳದ ಹಾಗೆ ಗೋಡೆಗೆ ಒರಗಿಸಿ ಹೋದ. ನಾನು ಕಿಟಕಿಯಿಂದ ನೋಡಿದೆ. ಕೂಗಿ ಕರೆಯಬಹುದಿತ್ತು. ಅವನ ಮದುವೆಗೆ ನೀನು ಹೋಗಲಿಲ್ಲ. ಮಗು ಹುಟ್ಟಿದಾಗಲೂ ಹೋಗಲಿಲ್ಲ. ಆಮೇಲೆ ಊರನ್ನೇ ಬಿಟ್ಟೆ. ಇಷ್ಟು ವರ್ಷ ಹಬ್ಬಕ್ಕೊಮ್ಮೆ ನನಗೆ ಮಾತ್ರ ಫೋನ್ ಮಾಡುತ್ತೀಯ, "ನೀವೊಬ್ರೇ ಅಕ್ಕಾ ನಂಗೆ" ಎನ್ನುತ್ತೀಯ. ಪ್ರತಿ ಸಲವೂ ಹೇಳಬೇಕೆಂದು — ಹೇಳದೆ, ಊಟ ಆಯ್ತಾ ಎಂದು ಕೇಳುತ್ತೇನೆ.

ಈಗಲೂ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತಲಾರೆ. ಮೆತ್ತಗೆ ಮಾತಾಡುವ ಗಂಡಸರನ್ನು ಕಂಡರೆ ದಾರಿ ಬದಲಿಸುತ್ತೇನೆ. ಕಾನ್ವೆಂಟಿನಲ್ಲಿ ಕ್ರೈಸ್ತ ಹುಡುಗಿಯರು ತಪ್ಪು ಒಪ್ಪಿಕೊಳ್ಳಲು ಸಾಲುಗಟ್ಟಿ ನಿಲ್ಲುತ್ತಿದ್ದರು. ನಾವು ಉಳಿದವರು ಹೊರಗೆ ಕುಳಿತು, ಅವರು ಹಗುರಾಗಿ ಬರುವುದನ್ನು ನೋಡುತ್ತಿದ್ದೆವು. ಹಗುರಾಗಲು ನಾನು ಇದನ್ನು ಬರೆಯುತ್ತಿಲ್ಲ. ಅಚ್ಚಿಗೆ ಹೋಗುವ ಮೊದಲು ಇದನ್ನು ನಾನೇ ನಿನ್ನ ಕೈಗೆ ತಂದುಕೊಡುತ್ತೇನೆ. ನೀನು ಬೇಡವೆಂದರೆ ಇದು ಅಚ್ಚಾಗುವುದಿಲ್ಲ. ಆದರೆ ಸೆಟ್ಟೂರಿಗೆ ಹೋಗಿ ಗಂಗಾಧರನ ಎದುರು ನಿಂತು ಹೇಳುವುದನ್ನು, ನೀನು ಬೇಡವೆಂದರೂ ನಿಲ್ಲಿಸುವುದಿಲ್ಲ.

ಆ ಸಂಜೆ ನೀನು ನಮ್ಮ ನಡುಮನೆಯಲ್ಲಿ ಕುಳಿತಿದ್ದೆ. ಕೈಗೆ ಹೊಸ ಕಟ್ಟು, ಕೂದಲಲ್ಲಿ ಇನ್ನೂ ಮೈದಾನದ ಮಣ್ಣು. ದೂರು ಬರೆಯಲೆಂದು ನಮ್ಮ ಮನೆಯವರು ಅವನ ನಂಬರ್ ಕೇಳಿದರು. ನೀನು ಒಂದೊಂದೇ ಅಂಕಿ ಹೇಳುತ್ತ ಹೋದಂತೆ ನಾನು ನನ್ನ ಫೋನಿನಲ್ಲಿ ಒತ್ತುತ್ತ ಹೋದೆ. ಪರದೆಯ ಮೇಲೆ 'ಕಲ್ಯಾಣದುರ್ಗ ಪೇರೆಂಟ್' ಎಂದು ಮೂಡಿತು. ಫೋನನ್ನು ಮಡಿಲಲ್ಲಿ ಬೋರಲು ಹಾಕಿದೆ.

ನೀನು ಯಾರ ಕಡೆಗೂ ನೋಡದೆ ಹೇಳಿದೆ: "ಗಂಗಾಧರನಿಗೊಬ್ನಿಗೇ ಹೇಳಿದ್ದೆ ಅಕ್ಕಾ. ಕಲ್ಯಾಣದುರ್ಗಕ್ಕೆ ಬತ್ತೀನಿ, ನೀನೂ ಬಂದು ಮೊಖ ತೋರ್ಸಿ ಹೋಗು ಕಣ್ಲಾ ಅಂತ."

ಅದೇ ಹೊತ್ತಿಗೆ ನಿನ್ನ ಫೋನ್ ಬಡಿದುಕೊಂಡಿತು. ತಮ್ಮನದೇ. ನೀನು ಎಡಗೈಯಿಂದ, ಕಷ್ಟಪಟ್ಟು, ಅದನ್ನು ಆಫ್ ಮಾಡಿದೆ. ನಾನು ನೀರು ತರುವ ನೆಪದಲ್ಲಿ ಎದ್ದು ಹಿತ್ತಿಲಿಗೆ ಹೋದೆ. ಗೋಡೆಯಾಚೆ ಸಾವಿತ್ರಮ್ಮ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಒಳಗಿನ ಮಾತು ಅವರಿಗೆ ಕೇಳಿಸಿತ್ತು. ಕ್ಲಿಪ್ಪನ್ನು ಹಲ್ಲಲ್ಲಿ ಕಚ್ಚಿಕೊಂಡೇ, ಬಟ್ಟೆ ಮಡಿಸುತ್ತ ಅಂದರು:

"ತಮ್ಮನೇ ಬಾಯಿ ಬಿಟ್ಟಿರ್ತಾನೆ ಕಣಮ್ಮ, ಇನ್ಯಾರ್ಗೆ ಗೊತ್ತಿತ್ತು? ಬಿಡು ಅತ್ಲಾಗೆ. ನಾಕು ಎಲೆ ಕರಿಬೇವು ಕಿತ್ಕೊಡು, ಸಾರಿಗೆ ಹಾಕ್ಬೇಕು."