ಗಾಡಿಯ ಮಾತು ಬಲ್ಲ ಬಸಂತರಾಯರು

ಮುದ್ದೇಬಿಹಾಳದ ಬಸಂತರಾಯರ ಹಳೇ ಮೋಟರ್‌ಸೈಕಲ್ಲು ಚಳಿಗಾಲದ ಬೆಳಗ್ಗೆ ಎದ್ದಿತೆಂದರೆ ಓಣಿಯೇ ಎದ್ದಂತೆ. ಚೋಕ್ ಎಳೆದು ಕಿಕ್ ಹೊಡೆದರೆ ಕೆಮ್ಮುತ್ತದೆ, ಚೋಕ್ ಬಿಟ್ಟೊಡನೆ ಮುನಿಸಿಕೊಂಡು ಆರಿಹೋಗುತ್ತದೆ. ಓಣಿಯವರು "ಕಾರ್ಬೊರೇಟರ್ ಬದಲಸ್ರಿ ಕಾಕಾ" ಎನ್ನಲಿ, "ಎಲ್ಲಿಗೆ ಹೊಂಟೀರಿ" ಎನ್ನಲಿ, ರಾಯರ ಉತ್ತರ ಒಂದೇ: "ಎಂಜಿನ್ ಕಾಯೂತನಕ ಸ್ಕ್ರೂ ಮುಟ್ಟಬಾರದಪಾ. ಕಾದ ಮ್ಯಾಲ ಗಾಡಿನ ಹೇಳ್ತೈತಿ, ಕೇಳಾಕ ಕಿವಿ ಬೇಕು." ಎಂಜಿನ್ ಬಿಸಿಯಾದ ಮೇಲೆ, ಜಪಕ್ಕೆ ಕೂತವರಂತೆ ಕೂತು ಐಡ್ಲಿಂಗ್ ಸ್ಕ್ರೂ ಕೂದಲೆಳೆಯಷ್ಟು ತಿರುಗಿಸುತ್ತಾರೆ, ಕಣ್ಣು ಮಾತ್ರ ಅಡುಗೆಮನೆಯ ಕಿಟಕಿಯ ಮೇಲೆ. ಅಲ್ಲಿ ರೊಟ್ಟಿ ಬಡಿಯುತ್ತಿರುವ ಹೆಂಡತಿ ಇಂದುಬಾಯಿ ಕೈ ತಡೆದು, ಎಂಜಿನ್ನಿನ ಸದ್ದು ಆಲಿಸುತ್ತಾರೆ. ಸದ್ದು ಹದಕ್ಕೆ ಬಂದಾಗ ಹಿಟ್ಟಿನ ಅಂಗೈ ಎತ್ತುತ್ತಾರೆ. ಆಗಲೇ ರಾಯರ ಬೆರಳು ನಿಲ್ಲುವುದು. ರಾಯರಿಗೆ ಕಿವಿ ಕೇಳುವುದಿಲ್ಲವೆಂದು ಓಣಿಗೆ ಇನ್ನೂ ತಿಳಿದಿಲ್ಲ, ಇಂದುಬಾಯಿ ತಿಳಿಯಗೊಟ್ಟಿಲ್ಲ.