ಸದ್ದಿಲ್ಲದ ಗ್ರಾಫಿಕ್ಸ್ ಕಾರ್ಡು ತಂದ ಪಾಡು

ಗೆಳೆಯರೇ, ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡು ಕೊಳ್ಳುವ ಮುನ್ನ ನನ್ನ ಇವತ್ತಿನ ಗತಿ ಓದಿಬಿಡಿ. ನನ್ನ ಹಳೆಯದು ರೆಫರೆನ್ಸ್ ಕಾರ್ಡು, ಅಂದರೆ ಚಿಪ್ ಮಾಡುವ ಕಂಪನಿಯೇ ತಯಾರಿಸಿದ್ದು. ಅದರ ಒಂಟಿ ಫ್ಯಾನು ಮಿಕ್ಸಿಯಂತೆ ಅರಚುತ್ತಿತ್ತು. ಬೆಳಿಗ್ಗೆ ಅಬಿಡ್ಸ್ ಪೇಟೆಗೆ ಹೋಗಿ, ಬೇರೆ ಕಂಪನಿಯವರು ಎರಡು ದೊಡ್ಡ ಫ್ಯಾನು ಕೂರಿಸಿದ ಕಾರ್ಡು ತಂದೆ. ಬಿಸಿಯೇರುವುದಿಲ್ಲ, ಸದ್ದೂ ಇಲ್ಲ.

ಆಟ ಶುರುಮಾಡಿ ಐದು ನಿಮಿಷವಾಗಿರಲಿಲ್ಲ, ಅವ್ವ ಚೀಲ ಹಿಡಿದು ಬಂದಳು.

“ಖಾಲಿ ಕುಂತೀಯಲ್ಲ, ಮೆಹದಿಪಟ್ಟಣಂ ಮಾರ್ಕೆಟ್ಟಿಗೆ ಹೋಗಿ ಕೊತ್ತಂಬರಿ ತಗೊಂಡು ಬಾ.”

“ಆಫೀಸಿನ ಕೆಲಸ ಮಾಡಾಕತ್ತೀನಿ ಅವ್ವಾ!”

“ಸುಳ್ಳು ಹೇಳಬ್ಯಾಡ. ನೀ ಕೆಲಸ ಮಾಡುವಾಗ ಆ ಡಬ್ಬಿ ಹೆಂಗ ಒದರತಿತ್ತು, ನನಗ ಗೊತ್ತಿಲ್ಲೇನು?”

ಇಷ್ಟು ದಿನ ನನ್ನ ಪರ ಸಾಕ್ಷಿ ಹೇಳುತ್ತಿದ್ದುದು ಆ ಹಾಳು ಫ್ಯಾನು. ನಾನೇ ದುಡ್ಡು ಕೊಟ್ಟು ಅದರ ಬಾಯಿ ಮುಚ್ಚಿಸಿದೆ.

ಕೊತ್ತಂಬರಿ ತಂದಾಯ್ತು. ಈಗ ಪುದೀನಾ ಬೇಕಂತೆ.